ಮೆಂಫಿಸ್‌ನ ಬ್ಲೂಸ್ ಪ್ರಶಸ್ತಿ ವಾರಕ್ಕೆ ಹೊರಡುವವರಿಗೆ

ಅಮೆರಿಕದ ಕಪ್ಪು ಜನರಿಂದ ಹುಟ್ಟಿದ ಬ್ಲೂಸ್ ಸಂಗೀತಕ್ಕೆ ಕೊಡುವ ಬ್ಲೂಸ್ ಮ್ಯೂಸಿಕ್ ಅವಾರ್ಡ್ಸ್ ನಡೆಯುವುದು ಅಮೆರಿಕದ ಟೆನೆಸ್ಸೀ ರಾಜ್ಯದ ಮೆಂಫಿಸ್‌ನಲ್ಲಿ, ಸಾಮಾನ್ಯವಾಗಿ ಮೇ ತಿಂಗಳ ಆರಂಭದ ಒಂದು ಗುರುವಾರ ರಾತ್ರಿ. 2024ರಲ್ಲಿ ಮೇ 9ರಂದು ನಡೆಯಿತು, 2025ರಲ್ಲಿ ಮೇ 8ರಂದು. ಅದರ ಹಿಂದಿನ ಸಂಜೆ, ಬುಧವಾರ, ಬ್ಲೂಸ್ ಹಾಲ್ ಆಫ್ ಫೇಮ್ ಎಂಬ ಗೌರವ ಪಟ್ಟಿಗೆ ಹೊಸಬರನ್ನು ಸೇರಿಸುವ ಸಮಾರಂಭ. ಗುರುವಾರ ಮಧ್ಯಾಹ್ನ ಬಂದಿಳಿದು ಶುಕ್ರವಾರ ಬೆಳಿಗ್ಗೆ ವಿಮಾನ ಹತ್ತುವವರೂ ಇದ್ದಾರೆ. ಇಷ್ಟು ದೂರ ಹೋಗುವವರು ಹಾಗೆ ಮಾಡಬಾರದು. ಪ್ರಶಸ್ತಿ ಕೊಡುವುದು ಒಂದೇ ರಾತ್ರಿಯಾದರೂ ಆ ವಾರ ಬೀಲ್ ಸ್ಟ್ರೀಟ್‌ನ ಕ್ಲಬ್ಬುಗಳಲ್ಲಿ ನಡೆಯುವ ಕಛೇರಿಗಳು, ಕಾರಿನಲ್ಲಿ ಒಂದೂವರೆ ಗಂಟೆ ದೂರದ, ಬ್ಲೂಸ್‌ನ ತವರು ಎನಿಸಿದ ಮಿಸಿಸಿಪಿ ಡೆಲ್ಟಾ, ಎರಡನ್ನೂ ಸೇರಿಸಿಕೊಂಡರೆ ಮಾತ್ರ ಪ್ರವಾಸ ಪೂರ್ಣವಾಗುತ್ತದೆ. ಮಂಗಳವಾರ ಇಳಿದು ಭಾನುವಾರ ಹೊರಡುವಂತೆ ಟಿಕೆಟ್ ಮಾಡಿಸಿ.

ಪ್ರಶಸ್ತಿ ಕೊಡುವುದು ಬ್ಲೂಸ್ ಫೌಂಡೇಶನ್ ಎಂಬ ಲಾಭರಹಿತ ಸಂಸ್ಥೆ. ಶುರುವಾದದ್ದು 1980ರಲ್ಲಿ, ಮೆಂಫಿಸ್‌ನ ಆರ್ಫಿಯಂ ಥಿಯೇಟರ್‌ನಲ್ಲಿ. ಆಗ ಹೆಸರು, ‘ಬ್ಲೂಸ್‌ನ ಪಿತಾಮಹ’ ಎನಿಸಿದ ಸಂಗೀತಗಾರನ ನೆನಪಿಗೆ, ಡಬ್ಲ್ಯು. ಸಿ. ಹ್ಯಾಂಡಿ ಅವಾರ್ಡ್ಸ್, ಈಗಿನ ಹೆಸರು ಬಂದದ್ದು 2006ರಲ್ಲಿ. ಹಾಗಾಗಿ ಹಳೆಯ ಆಲ್ಬಮ್‌ಗಳ ಮೇಲೆ ‘ಹ್ಯಾಂಡಿ ಪ್ರಶಸ್ತಿ ವಿಜೇತ’ ಎಂದು ಕಂಡರೆ ಅದು ಇದೇ ಪ್ರಶಸ್ತಿ. 2020 ಮತ್ತು 2021ರಲ್ಲಿ ಕೋವಿಡ್‌ನಿಂದಾಗಿ ಆನ್‌ಲೈನ್‌ನಲ್ಲೇ ಮುಗಿಸಿ, 2022ರಲ್ಲಿ ಮತ್ತೆ ಜನರ ಮುಂದೆ ನಡೆಸಿದರು. ವಿಭಾಗಗಳು ಸುಮಾರು ಇಪ್ಪತ್ತೈದು. ಸಾಂಪ್ರದಾಯಿಕ, ಸಮಕಾಲೀನ, ಸೋಲ್ ಬ್ಲೂಸ್, ಅಕೌಸ್ಟಿಕ್, ಬ್ಲೂಸ್ ರಾಕ್ ಆಲ್ಬಮ್‌ಗಳಿಗೆ ಬೇರೆ ಬೇರೆ; ಗಿಟಾರ್, ಬಾಸ್, ಡ್ರಮ್ಸ್, ಹಾರ್ಮೋನಿಕಾ, ಹಾರ್ನ್ ವಾದಕರಿಗೆ ಒಂದೊಂದು. ಪಿಯಾನೋ ವಾದಕರ ಪ್ರಶಸ್ತಿಗೆ ಪೈನ್‌ಟಾಪ್ ಪರ್ಕಿನ್ಸ್ ಹೆಸರು, ಸಾಂಪ್ರದಾಯಿಕ ಶೈಲಿಯ ಗಾಯಕಿಯ ಪ್ರಶಸ್ತಿಗೆ ಕೋಕೊ ಟೇಲರ್ ಹೆಸರು, ವರ್ಷದ ಶ್ರೇಷ್ಠ ಮನರಂಜಕರ ಪ್ರಶಸ್ತಿಗೆ ಬಿ. ಬಿ. ಕಿಂಗ್ ಹೆಸರು.

ವಿಜೇತರನ್ನು ಆರಿಸುವುದು ಫೌಂಡೇಶನ್ ಸದಸ್ಯರ ಮತ. ಹಣ ಕಟ್ಟಿ ಯಾರು ಬೇಕಾದರೂ ಸದಸ್ಯರಾಗಬಹುದು, ಬೆಂಗಳೂರಿನಲ್ಲಿ ಕುಳಿತೂ ಮತ ಹಾಕಬಹುದು. ನಾಮನಿರ್ದೇಶಿತರ ಪಟ್ಟಿ ವರ್ಷದ ಆರಂಭದಲ್ಲೇ ಹೊರಬೀಳುತ್ತದೆ. ಅಲ್ಲಿಂದ ಮೇವರೆಗೆ ಸಿಗುವ ಸಮಯದಲ್ಲಿ ಆ ಆಲ್ಬಮ್‌ಗಳನ್ನು ಕೇಳಿಕೊಳ್ಳಿ. ಇದನ್ನು ಒತ್ತಿ ಹೇಳಲು ಕಾರಣವಿದೆ. ಸಮಾರಂಭದ ಹೆಚ್ಚಿನ ಸಮಯ ಹೋಗುವುದು ನಾಮನಿರ್ದೇಶಿತರೇ ವೇದಿಕೆಗೆ ಬಂದು ನುಡಿಸುವುದರಲ್ಲಿ. ಒಬ್ಬೊಬ್ಬರಿಗೂ ಸಿಗುವುದು ಕೆಲವೇ ನಿಮಿಷ. ಹೆಸರೂ ದನಿಯೂ ಮೊದಲೇ ಪರಿಚಯವಿಲ್ಲದಿದ್ದರೆ ಎರಡು ಗಂಟೆ ಕಳೆಯುವಷ್ಟರಲ್ಲಿ ಎಲ್ಲವೂ ಒಂದೇ ಥರ ಕೇಳಿಸತೊಡಗುತ್ತದೆ. ಪರಿಚಯವಿದ್ದವರಿಗೆ ಅದೇ ರಾತ್ರಿ ವರ್ಷವಿಡೀ ಕಾದದ್ದಕ್ಕೆ ಸಾರ್ಥಕ ಅನ್ನಿಸುತ್ತದೆ.

ಭಾರತದಿಂದ ಹೋಗುವವರಿಗೆ ಮೊದಲ ಅಡ್ಡಿ ವೀಸಾ. ಬೇಕಾದದ್ದು ಬಿ1/ಬಿ2 ಎಂಬ ಸಂದರ್ಶಕ ವೀಸಾ. ಡಿಎಸ್-160 ಅರ್ಜಿ ತುಂಬಿ, ಶುಲ್ಕ ಕಟ್ಟಿ, ಬೆರಳಚ್ಚಿಗೆ ಒಂದು ದಿನ, ಸಂದರ್ಶನಕ್ಕೆ ಇನ್ನೊಂದು ದಿನ ಹೋಗಬೇಕು. 2025ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾಯಿತಾದರೂ ವೀಸಾ ಸೇವೆ ಅಂದೇ ಆರಂಭವಾಗಲಿಲ್ಲ. ಆದ್ದರಿಂದ ಚೆನ್ನೈ ಅಥವಾ ಹೈದರಾಬಾದ್ ಪ್ರಯಾಣವನ್ನೂ ಲೆಕ್ಕಕ್ಕೆ ಹಿಡಿದು ಯೋಜಿಸಿ. ಸಂದರ್ಶನದ ದಿನಾಂಕಕ್ಕೆ ತಿಂಗಳುಗಟ್ಟಲೆ ಕಾಯಬೇಕಾಗಬಹುದು. ಹಾಗಾಗಿ ಹಿಂದಿನ ವರ್ಷದ ಬೇಸಿಗೆಯಲ್ಲೇ ಕೆಲಸ ಶುರುಮಾಡಿ, ವೀಸಾ ಕೈಗೆ ಬರುವ ತನಕ ಹಣ ವಾಪಸ್ ಬಾರದ ವಿಮಾನ ಟಿಕೆಟ್ ಕೊಳ್ಳಬೇಡಿ.

ಭಾರತದಿಂದ ಮೆಂಫಿಸ್‌ಗೆ ನೇರ ವಿಮಾನವಿಲ್ಲ. ಅಟ್ಲಾಂಟಾ, ಡಲ್ಲಾಸ್, ಷಿಕಾಗೋ ಅಥವಾ ಶಾರ್ಲಟ್‌ನಲ್ಲಿ ಇಳಿದು ಬದಲಾಯಿಸಬೇಕು. ಅಮೆರಿಕದಲ್ಲಿ ಮೊದಲು ಇಳಿಯುವ ಊರಿನಲ್ಲೇ ಇಮಿಗ್ರೇಶನ್ ಆಗುತ್ತದೆ. ಲಗೇಜನ್ನು ಅಲ್ಲೇ ಪಡೆದು, ಕಸ್ಟಮ್ಸ್ ದಾಟಿಸಿ, ಮತ್ತೆ ಕೊಟ್ಟು, ಸೆಕ್ಯುರಿಟಿ ಸಾಲಿನಲ್ಲಿ ನಿಲ್ಲಬೇಕು. ಎರಡು ವಿಮಾನಗಳ ನಡುವೆ ಮೂರು ಗಂಟೆಗಿಂತ ಕಡಿಮೆ ಇಟ್ಟುಕೊಂಡರೆ ತಪ್ಪಿಹೋಗುವ ಸಂಭವ ಹೆಚ್ಚು. ಅಮೆರಿಕದಲ್ಲೇ ಇರುವ ಕನ್ನಡಿಗರಿಗೆ ದಾರಿ ಸುಲಭ: ನ್ಯಾಶ್‌ವಿಲ್‌ನಿಂದ ಐ-40 ಹಿಡಿದರೆ 340 ಕಿಲೋಮೀಟರ್, ಮೂರು ಗಂಟೆ ಚಿಲ್ಲರೆ. ಅಟ್ಲಾಂಟಾದಿಂದ ಕಾರಿನಲ್ಲಿ ಬರುವವರು ದಾರಿಯಲ್ಲಿ ಟೈಮ್ ಝೋನ್ ಬದಲಾಗುವುದನ್ನು ಮರೆಯಬಾರದು. ಮೆಂಫಿಸ್ ಒಂದು ಗಂಟೆ ಹಿಂದೆ. ಷಿಕಾಗೋ ಕಡೆಯವರಿಗೆ ರೈಲೇ ಚೆಂದ. ‘ಸಿಟಿ ಆಫ್ ನ್ಯೂ ಆರ್ಲಿಯನ್ಸ್’ ರಾತ್ರಿ ಎಂಟರ ಸುಮಾರಿಗೆ ಹೊರಟು ಬೆಳಿಗ್ಗೆ ಏಳರೊಳಗೆ ಮೆಂಫಿಸ್ ಸೆಂಟ್ರಲ್ ಸ್ಟೇಷನ್ನಿಗೆ ಮುಟ್ಟಬೇಕು. ಹಳಿ ಸರಕು ಸಾಗಣೆಯ ಕಂಪನಿಯದಾದ್ದರಿಂದ ಗೂಡ್ಸ್ ಗಾಡಿಗೆ ದಾರಿ ಬಿಟ್ಟು ನಿಲ್ಲುವುದುಂಟು. ಸಮಾರಂಭದ ದಿನ ಬೆಳಿಗ್ಗೆಯ ರೈಲನ್ನು ನೆಚ್ಚದೆ ಹಿಂದಿನ ದಿನವೇ ಬನ್ನಿ. ಡೆಲ್ಟಾದಿಂದ ಉತ್ತರಕ್ಕೆ ಗುಳೆ ಹೋದ ಸಾವಿರಾರು ಕಪ್ಪು ಕುಟುಂಬಗಳು ಷಿಕಾಗೋ ಸೇರಿದ್ದು ಇದೇ ರೈಲುಮಾರ್ಗದಲ್ಲಿ. ಬ್ಲೂಸ್ ಗಾಯಕ ಮಡ್ಡಿ ವಾಟರ್ಸ್ 1943ರಲ್ಲಿ ಹೋದದ್ದೂ ರೈಲಿನಲ್ಲೇ.

ವಾಸ್ತವ್ಯಕ್ಕೆ ಡೌನ್‌ಟೌನ್ ಬಿಟ್ಟು ಬೇರೆಡೆ ನೋಡಬೇಡಿ. ವಿಮಾನ ನಿಲ್ದಾಣದ ಬಳಿ ಕೋಣೆ ಅಗ್ಗವಾಗಿ ಸಿಗಬಹುದು, ಆದರೆ ರಾತ್ರಿ ಒಂದು ಗಂಟೆಯಲ್ಲಿ ಊಬರ್‌ಗೆ ಕೊಡುವ ಬಾಡಿಗೆ ಆ ಉಳಿತಾಯವನ್ನೆಲ್ಲ ತಿಂದುಹಾಕುತ್ತದೆ. ಈಚಿನ ವರ್ಷಗಳಲ್ಲಿ ಸಮಾರಂಭ ನಡೆಯುತ್ತಿರುವ ರೆನಸಂಟ್ ಕನ್ವೆನ್ಷನ್ ಸೆಂಟರ್ ಡೌನ್‌ಟೌನ್‌ನ ಉತ್ತರ ತುದಿಯಲ್ಲಿದೆ. ಅಲ್ಲಿಂದ ಬೀಲ್ ಸ್ಟ್ರೀಟ್‌ಗೆ ಇಪ್ಪತ್ತು ನಿಮಿಷದ ನಡಿಗೆ. ಬೀಲ್‌ನಿಂದ ದಕ್ಷಿಣಕ್ಕೆ ಇನ್ನು ಹತ್ತು ನಿಮಿಷ ನಡೆದರೆ ಸೌತ್ ಮೇನ್ ಬೀದಿಯ 421ನೇ ನಂಬರಿನಲ್ಲಿ ಬ್ಲೂಸ್ ಹಾಲ್ ಆಫ್ ಫೇಮ್ ಮ್ಯೂಸಿಯಂ. ಅಂದರೆ ಬೀಲ್‌ನ ಆಸುಪಾಸಿನಲ್ಲಿ ಕೋಣೆ ಹಿಡಿದವರಿಗೆ ಶುಕ್ರವಾರದವರೆಗೆ ಕಾರೇ ಬೇಡ. ಹಳೆಯ ಪ್ರವಾಸಿ ಪುಸ್ತಕಗಳು ಹೊಗಳುವ ಮೇನ್ ಸ್ಟ್ರೀಟ್ ಟ್ರಾಲಿಯನ್ನು (ಟ್ರಾಮ್) 2024ರ ಆಗಸ್ಟ್‌ನಲ್ಲಿ ನಿಲ್ಲಿಸಿದರು. ಅದನ್ನು ನಂಬಿ ಯೋಜನೆ ಹಾಕಬೇಡಿ. ಮೇ ತಿಂಗಳ ಮೊದಲ ವಾರಾಂತ್ಯದಲ್ಲಿ ನದೀತೀರದ ಸಂಗೀತೋತ್ಸವವೂ ಇರುವುದರಿಂದ ಹೋಟೆಲ್ ದರ ಏರಿರುತ್ತದೆ. ರದ್ದು ಮಾಡಬಹುದಾದ ಕೋಣೆಯನ್ನು ಜನವರಿಯಲ್ಲೇ ಹಿಡಿದಿಟ್ಟುಕೊಳ್ಳಿ.

ಪ್ರಶಸ್ತಿ ರಾತ್ರಿಯ ಟಿಕೆಟ್ ಫೌಂಡೇಶನ್ನಿನ ಮೂಲಕವೇ ಕೊಳ್ಳಿ. ಆ ವರ್ಷ ಮೇಜಿನ ಸುತ್ತ ಕುರ್ಚಿಯೋ ಥಿಯೇಟರ್ ಸೀಟೋ, ಊಟ ಸೇರಿದೆಯೋ ಇಲ್ಲವೋ ಎಂಬುದನ್ನು ಮೊದಲೇ ಓದಿಕೊಳ್ಳಿ. ಹಾಲ್ ಆಫ್ ಫೇಮ್ ಸಂಜೆಗೆ ಟಿಕೆಟ್ ಬೇರೆ. ಎರಡರಲ್ಲಿ ಒಂದನ್ನೇ ಆರಿಸಬೇಕಾದರೆ ಹೆಚ್ಚಿನವರು ಗುರುವಾರವನ್ನೇ ಹಿಡಿಯುತ್ತಾರೆ. ಚರಿತ್ರೆಯಲ್ಲಿ ಆಸಕ್ತಿ ಇರುವವರಿಗೆ ನಮ್ಮ ಸಲಹೆ ಬುಧವಾರ. ಅಲ್ಲಿ ಸೇರಿಸಿಕೊಳ್ಳುವುದು ಕಲಾವಿದರನ್ನಷ್ಟೇ ಅಲ್ಲ, ಹಾಡು, ಆಲ್ಬಮ್, ಪುಸ್ತಕಗಳನ್ನೂ, ತೆರೆಮರೆಯಲ್ಲಿ ದುಡಿದವರನ್ನೂ. ತೀರಿಕೊಂಡವರ ಪರವಾಗಿ ಮಕ್ಕಳು, ಮೊಮ್ಮಕ್ಕಳು ಬಂದು ಮಾತಾಡುವುದುಂಟು. 1980ರ ಮೊದಲ ಪಟ್ಟಿಯಲ್ಲಿದ್ದವರು ರಾಬರ್ಟ್ ಜಾನ್ಸನ್, ಬೆಸ್ಸಿ ಸ್ಮಿತ್, ಸನ್ ಹೌಸ್, ಮೆಂಫಿಸ್ ಮಿನ್ನಿ, ಹೌಲಿನ್ ವುಲ್ಫ್ ಮುಂತಾದವರು.

ಗುರುವಾರದ ಕಾರ್ಯಕ್ರಮ ದೀರ್ಘ. ಸಂಜೆ ಶುರುವಾದದ್ದು ಐದಾರು ಗಂಟೆ ಎಳೆಯುತ್ತದೆ. ಹೊರಗೆ ಮೇ ತಿಂಗಳ ಸೆಕೆ, ಒಳಗೆ ಏಸಿಯ ಚಳಿ. ಒಂದು ಶಾಲು ಅಥವಾ ಜಾಕೆಟ್ ಇರಲಿ. ಇಯರ್ ಪ್ಲಗ್ ಮರೆಯಬೇಡಿ. ಸ್ಪೀಕರ್ ಹತ್ತಿರದ ಸೀಟಿನಲ್ಲಿ ಅಷ್ಟು ಹೊತ್ತು ಕೂತರೆ ಮರುದಿನವೂ ಕಿವಿ ಗುಂಯ್‌ಗುಡುತ್ತಿರುತ್ತದೆ. ಸಂಗೀತಗಾರರು ಸೂಟು, ಹ್ಯಾಟು, ಮಿನುಗುವ ಗೌನುಗಳಲ್ಲಿ ಬರುತ್ತಾರೆ. ಪ್ರೇಕ್ಷಕರಿಗೆ ಕಟ್ಟುನಿಟ್ಟೇನಿಲ್ಲ, ಆದರೂ ಜೀನ್ಸ್‌ಗಿಂತ ಒಂದು ಮೆಟ್ಟಿಲು ಮೇಲಿನ ಉಡುಪು ಒಪ್ಪುತ್ತದೆ. ರೇಷ್ಮೆ ಸೀರೆ, ಜುಬ್ಬಾ ಧಾರಾಳವಾಗಿ ನಡೆಯುತ್ತದೆ. ಈ ಲೋಕದ ದೊಡ್ಡ ಗುಣವೆಂದರೆ ಕಲಾವಿದರಿಗೂ ಕೇಳುಗರಿಗೂ ನಡುವೆ ಗೋಡೆ ಇಲ್ಲ. ಲಾಬಿಯಲ್ಲಿ, ಹೋಟೆಲ್ ಲಿಫ್ಟಿನಲ್ಲಿ ನಾಮನಿರ್ದೇಶಿತರೇ ಸಿಗುತ್ತಾರೆ. ನಿಲ್ಲಿಸಿ ಮಾತಾಡಿಸಬಹುದು, ಅವರ ಒಂದು ಹಾಡಿನ ಹೆಸರು ಹೇಳಿದರೆ ಸಾಕು, ಮಾತು ಮುಂದುವರಿಯುತ್ತದೆ.

ಸಮಾರಂಭ ಮುಗಿದ ಮೇಲೆ ಮಲಗಲು ಹೋಗಬೇಡಿ. ಬಂದ ಸಂಗೀತಗಾರರಲ್ಲಿ ಹಲವರು ಬೀಲ್ ಸ್ಟ್ರೀಟ್‌ನ ಕ್ಲಬ್ಬುಗಳತ್ತ ನಡೆಯುತ್ತಾರೆ, ಯಾರೋ ಯಾರದೋ ಬ್ಯಾಂಡಿನ ಜೊತೆ ವೇದಿಕೆ ಏರುತ್ತಾರೆ. ರಮ್ ಬೂಗಿ ಕೆಫೆಯನ್ನೂ ಅದಕ್ಕೆ ಅಂಟಿಕೊಂಡ ‘ಬ್ಲೂಸ್ ಹಾಲ್’ ಎಂಬ ಪುಟ್ಟ ಕ್ಲಬ್ಬನ್ನೂ ಮೊದಲು ನೋಡಿ. ಪಾಸ್‌ಪೋರ್ಟ್‌ನ ಅಸಲು ಪ್ರತಿ ಜೇಬಿನಲ್ಲಿರಲಿ. ಕ್ಲಬ್ಬಿನ ಬಾಗಿಲಲ್ಲಿ 21 ವರ್ಷ ಆಗಿದೆಯೇ ಎಂದು ನೋಡುತ್ತಾರೆ, ಫೋನಿನಲ್ಲಿನ ಫೋಟೋ ಒಪ್ಪುವುದಿಲ್ಲ. ಒಂದು ಮತ್ತು ಐದು ಡಾಲರಿನ ನೋಟು ಬೇಕಾದಷ್ಟು ಇಟ್ಟುಕೊಳ್ಳಿ. ಬ್ಯಾಂಡಿನ ಮುಂದೆ ಬಕೆಟ್ ಇಟ್ಟಿರುತ್ತಾರೆ. ಅಲ್ಲಿ ನುಡಿಸುವವರ ಸಂಪಾದನೆಯಲ್ಲಿ ಅದರ ಪಾಲು ದೊಡ್ಡದು, ಒಂದು ಸೆಟ್ ಕೇಳಿದರೆ ತಲೆಗೆ ಐದು ಡಾಲರ್ ಹಾಕುವುದು ಮರ್ಯಾದೆ. ಸಿಡಿ, ಎಲ್‌ಪಿಗಳನ್ನು ಕಲಾವಿದರ ಕೈಯಿಂದಲೇ ಕೊಳ್ಳಿ. ಸ್ಟ್ರೀಮಿಂಗ್‌ನಿಂದ ಅವರಿಗೆ ಬರುವುದು ಬಿಡಿಗಾಸು.

ರಾತ್ರಿ ಬೀಲ್ ಮತ್ತು ಮೇನ್ ಬೀದಿಯ ಬೆಳಕಿರುವ ಭಾಗ ಬಿಟ್ಟು ಒಳಗಲ್ಲಿಗಳಲ್ಲಿ ನಡೆಯುವುದು ಬೇಡ. ಕಾರು ತಂದವರು ಒಂದು ಚೀಲವನ್ನೂ ಕಣ್ಣಿಗೆ ಕಾಣುವಂತೆ ಬಿಡಬಾರದು. ಗಾಜು ಒಡೆದು ಕದಿಯುವುದು ಈ ಊರಿನಲ್ಲಿ ಸಾಮಾನ್ಯ.

ಹಗಲು ಹೊತ್ತಿಗೆ ಹಾಲ್ ಆಫ್ ಫೇಮ್ ಮ್ಯೂಸಿಯಂಗೆ ಒಂದೂವರೆ ಗಂಟೆ ಸಾಕು. 2015ರಲ್ಲಿ ತೆರೆದ ಚಿಕ್ಕ ಜಾಗ. ಹೊರಗೆ ಬೆಂಚಿನ ಮೇಲೆ ಬ್ಲೂಸ್ ಗಾಯಕ ಲಿಟಲ್ ಮಿಲ್ಟನ್ ಗಿಟಾರ್ ಹಿಡಿದು ಕೂತ ಕಂಚಿನ ಪ್ರತಿಮೆ. ಅಲ್ಲಿಂದ ಕೂಗಳತೆಯಲ್ಲಿ ಲೊರೇನ್ ಮೋಟೆಲ್, 1968ರ ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದ ಜಾಗ. ಈಗ ಅದು ರಾಷ್ಟ್ರೀಯ ನಾಗರಿಕ ಹಕ್ಕುಗಳ ಮ್ಯೂಸಿಯಂ. ಇದಕ್ಕೆ ಕನಿಷ್ಠ ಮೂರು ಗಂಟೆ ಕೊಡಿ, ಮಂಗಳವಾರ ರಜೆ ಎಂಬುದನ್ನು ಗಮನದಲ್ಲಿಡಿ. ಗುಲಾಮಗಿರಿಯಿಂದ ಹಿಡಿದು ಪೌರಕಾರ್ಮಿಕರ ಮುಷ್ಕರದವರೆಗೆ ಅಲ್ಲಿ ನೋಡಿದ ಮೇಲೆ ಸಂಜೆ ಕೇಳುವ ಹಾಡಿನ ತೂಕ ಬೇರೆಯೇ ಆಗಿರುತ್ತದೆ. ಸೋಲ್ ಸಂಗೀತದ ಸ್ಟ್ಯಾಕ್ಸ್ ಮ್ಯೂಸಿಯಂ, ಎಲ್ವಿಸ್ ಪ್ರೆಸ್ಲಿ ಮೊದಲು ಹಾಡು ಧ್ವನಿಮುದ್ರಿಸಿದ ಯೂನಿಯನ್ ಅವೆನ್ಯೂದ ಸನ್ ಸ್ಟುಡಿಯೋ ಎರಡನ್ನೂ ಒಂದೇ ದಿನದಲ್ಲಿ ಮುಗಿಸಬಹುದು. ಎಲ್ವಿಸ್ ಅಭಿಮಾನಿಗಳಲ್ಲದವರು ಅವರ ಮನೆಯಾಗಿದ್ದ ಗ್ರೇಸ್‌ಲ್ಯಾಂಡ್ ಬಿಟ್ಟು ಆ ಅರ್ಧ ದಿನವನ್ನೂ ಹಣವನ್ನೂ ಡೆಲ್ಟಾಗೆ ಇಟ್ಟುಕೊಳ್ಳುವುದು ಮೇಲು.

ಸಸ್ಯಾಹಾರಿಗಳಿಗೆ ಊಟ ಸ್ವಲ್ಪ ಕಷ್ಟವೇ. ಮೆಂಫಿಸ್ ಎಂದರೆ ಹಂದಿಮಾಂಸದ ಬಾರ್ಬೆಕ್ಯೂ. ಮೆನುವಿನಲ್ಲಿ ತರಕಾರಿಯಂತೆ ಕಾಣುವುದೆಲ್ಲ ತರಕಾರಿಯಲ್ಲ: ಸೊಪ್ಪನ್ನು ಹಂದಿಯ ಮೂಳೆ ಹಾಕಿ ಬೇಯಿಸುತ್ತಾರೆ, ಬೀನ್ಸ್‌ನಲ್ಲಿ ಮಾಂಸದ ಚೂರು ಇರುತ್ತದೆ, ಕಾರ್ನ್‌ಬ್ರೆಡ್‌ಗೆ ಕೊಬ್ಬು ಸವರಿರಬಹುದು. ‘ವೆಜಿಟೇರಿಯನ್ನಾ’ ಎಂದಷ್ಟೇ ಕೇಳಬೇಡಿ, ‘ಇದರಲ್ಲಿ ಮಾಂಸ, ಮಾಂಸದ ಸಾರು, ಕೊಬ್ಬು ಇದೆಯೇ’ ಎಂದು ಬಿಡಿಸಿ ಕೇಳಿ. ಅವಲಕ್ಕಿ, ರೆಡಿಮೇಡ್ ಉಪ್ಪಿಟ್ಟಿನ ಪೊಟ್ಟಣಗಳು ಡೆಲ್ಟಾದ ದಿನಗಳಲ್ಲಂತೂ ಕೈಹಿಡಿಯುತ್ತವೆ. ಬಿಲ್ಲಿಗೆ ಶೇ. 9.75 ಮಾರಾಟ ತೆರಿಗೆ, ಅದರ ಮೇಲೆ ಶೇ. 18ರಿಂದ 20 ಟಿಪ್ಸ್ ಸೇರುತ್ತದೆ. ಮೆನುವಿನ ಬೆಲೆಗೆ ಸುಮಾರು ಮೂರನೇ ಒಂದು ಭಾಗ ಕೂಡಿಸಿಕೊಂಡರೆ ಲೆಕ್ಕ ತಪ್ಪುವುದಿಲ್ಲ.

ಶುಕ್ರವಾರ ಬೆಳಿಗ್ಗೆ ಕಾರು ಬಾಡಿಗೆಗೆ ಪಡೆದು ಹೈವೇ 61 ಹಿಡಿದು ದಕ್ಷಿಣಕ್ಕೆ ಹೊರಡಿ. ಆರ್‌ಟಿಒದಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿ, ಊರಿನ ಲೈಸೆನ್ಸನ್ನೂ ಜೊತೆಗಿಡಿ. ಬಾಡಿಗೆ ಕೌಂಟರ್‌ಗಳಲ್ಲಿ ಡೆಬಿಟ್ ಕಾರ್ಡ್ ನಡೆಯದೇ ಹೋಗಬಹುದು. ಕ್ರೆಡಿಟ್ ಕಾರ್ಡ್ ಚಾಲಕರ ಹೆಸರಿನಲ್ಲೇ ಇರಬೇಕು. ಸುಮಾರು 120 ಕಿಲೋಮೀಟರ್‌ಗೆ ಡೆಲ್ಟಾದ ಊರು ಕ್ಲಾರ್ಕ್ಸ್‌ಡೇಲ್. ಡೆಲ್ಟಾ ಬ್ಲೂಸ್ ಮ್ಯೂಸಿಯಂ ಭಾನುವಾರ ಮುಚ್ಚಿರುವುದರಿಂದ ಶುಕ್ರವಾರವೇ ಮುಗಿಸಿ. ಮಡ್ಡಿ ವಾಟರ್ಸ್ ಬಾಳಿದ ಸ್ಟೋವಾಲ್ ತೋಟದ ಮರದ ಮನೆಯ ಉಳಿಕೆ ಅಲ್ಲಿದೆ. ಆ ರಾತ್ರಿ ಯಾರು ಎಲ್ಲಿ ನುಡಿಸುತ್ತಾರೆಂದು ‘ಕ್ಯಾಟ್ ಹೆಡ್’ ಅಂಗಡಿಯಲ್ಲಿ ವಿಚಾರಿಸಿ. ರಾತ್ರಿ ಅಲ್ಲೇ ತಂಗಿ. ಕುಡಿದು ಮೆಂಫಿಸ್‌ಗೆ ಕಾರು ಓಡಿಸುವ ಮಾತೇ ಬೇಡ. ಕುಡಿಯದಿದ್ದರೂ ಕತ್ತಲಲ್ಲಿ ಜಿಂಕೆಗಳು ರಸ್ತೆಗೆ ನುಗ್ಗುತ್ತವೆ.

ಶನಿವಾರ ಮಿಸಿಸಿಪಿಯದೇ ಊರಾದ ಕ್ಲೀವ್‌ಲ್ಯಾಂಡ್ ಕಡೆ ಸಾಗಿ, ಹೈವೇ 8ರ ಬದಿಯ ಡಾಕರಿ ಫಾರ್ಮ್ಸ್ ನೋಡಿ. ಡೆಲ್ಟಾ ಬ್ಲೂಸ್‌ನ ಮೊದಲಿಗರಲ್ಲೊಬ್ಬ ಚಾರ್ಲಿ ಪ್ಯಾಟನ್ ಬದುಕಿದ ಹತ್ತಿ ತೋಟ ಇದು. ಅಲ್ಲಿಂದ ಇಂಡಿಯನೋಲಾ. 2008ರಲ್ಲಿ ತೆರೆದ ಬಿ. ಬಿ. ಕಿಂಗ್ ಮ್ಯೂಸಿಯಂ ಹಳೆಯ ಹತ್ತಿ ಜಿನ್ನಿಂಗ್ ಕಟ್ಟಡವನ್ನು ಒಳಗೊಂಡಿದೆ. ಯುವಕ ಕಿಂಗ್ ಕೆಲಸ ಮಾಡಿದ್ದು ಅದೇ ಕಟ್ಟಡದಲ್ಲಿ. 2015ರಲ್ಲಿ ತೀರಿಕೊಂಡ ಅವರ ಸಮಾಧಿಯೂ ಅದೇ ಆವರಣದಲ್ಲಿದೆ. ದಾರಿಯುದ್ದಕ್ಕೂ ಸಿಗುವ ನೀಲಿ ಫಲಕಗಳು ಮಿಸಿಸಿಪಿ ಬ್ಲೂಸ್ ಟ್ರೇಲ್‌ನವು. ಎಲ್ಲದಕ್ಕೂ ನಿಲ್ಲುತ್ತ ಹೋದರೆ ದಿನ ಸಾಲದು, ಏಳೆಂಟನ್ನು ಆರಿಸಿಕೊಳ್ಳಿ. ನಡುವೆ ಮೊಬೈಲ್ ಸಿಗ್ನಲ್ ಹೋಗುವುದರಿಂದ ನಕ್ಷೆಯನ್ನು ಮೊದಲೇ ಇಳಿಸಿಕೊಂಡಿರಿ. ಇಂಡಿಯನೋಲಾದಿಂದ ಮೆಂಫಿಸ್‌ಗೆ ಎರಡೂವರೆ ಗಂಟೆ. ಮೇ ತಿಂಗಳು ಸುಂಟರಗಾಳಿಯ ಕಾಲವೂ ಹೌದು: ಫೋನು ಜೋರಾಗಿ ಎಚ್ಚರಿಕೆ ಕೂಗಿದರೆ ಓಡಿಸುವುದನ್ನು ನಿಲ್ಲಿಸಿ, ಹತ್ತಿರದ ಗಟ್ಟಿ ಕಟ್ಟಡದ ಕೆಳಮಹಡಿಗೆ, ಕಿಟಕಿಯಿಂದ ದೂರ ಸೇರಿಕೊಳ್ಳಿ.

ಮೇನಲ್ಲಿ ಬರಲಾಗದವರಿಗೆ ಜನವರಿಯ ಇಂಟರ್‌ನ್ಯಾಷನಲ್ ಬ್ಲೂಸ್ ಚಾಲೆಂಜ್ ಇದೆ, ಇದೇ ಫೌಂಡೇಶನ್ನಿನದು. ದೇಶದೇಶಗಳಿಂದ ಬಂದ ಬ್ಯಾಂಡ್‌ಗಳು ಬೀಲ್ ಸ್ಟ್ರೀಟ್‌ನ ಕ್ಲಬ್ಬುಗಳಲ್ಲಿ ಸ್ಪರ್ಧಿಸುತ್ತವೆ. ಕೂತು ಚಪ್ಪಾಳೆ ತಟ್ಟುವುದಕ್ಕಿಂತ ಕ್ಲಬ್ಬಿನಿಂದ ಕ್ಲಬ್ಬಿಗೆ ಅಲೆಯುತ್ತ ಕೇಳುವುದು ಇಷ್ಟವಿದ್ದವರಿಗೆ ಅದೇ ಹೆಚ್ಚು ಒಗ್ಗುತ್ತದೆ. ಶಿಲ್ಲಾಂಗ್‌ನ ಸೋಲ್‌ಮೇಟ್ ಬ್ಯಾಂಡ್ 2007ರಲ್ಲಿ ಅಲ್ಲಿ ಭಾರತವನ್ನು ಪ್ರತಿನಿಧಿಸಿತ್ತು. ಸ್ಪರ್ಧಿಸಬೇಕೆನ್ನುವ ಬ್ಯಾಂಡ್‌ಗಳು ಫೌಂಡೇಶನ್ ಜೊತೆ ನೋಂದಾಯಿತವಾದ ಬ್ಲೂಸ್ ಸೊಸೈಟಿಯೊಂದರ ಮೂಲಕ ಬರಬೇಕು. ಕೇಳಲು ಬರುವವರಿಗೆ ಬೇಕಾದದ್ದು ದಪ್ಪ ಕೋಟು, ಜಾರದ ಶೂ ಮತ್ತು ಹಿಮಮಳೆಯಿಂದ ವಿಮಾನ ರದ್ದಾದರೆ ತಡೆದುಕೊಳ್ಳಲು ಒಂದು ದಿನದ ಹೆಚ್ಚುವರಿ ರಜೆ.