ಎಂಟು ಪಿಕ್ಸೆಲ್‌ಗಳ ವರ್ಷ

ವರ್ಷದ ಮೊದಲ ವಾರ ನಮ್ಮ ನಕ್ಷೆ ತಂತ್ರಾಂಶಕ್ಕಾಗಿ ಬರೆದಿಟ್ಟ ಯೋಜನೆಯ ಪಟ್ಟಿಯನ್ನು ಇವತ್ತು ತೆರೆದು ನೋಡಿದೆ. ಆರು ಬಿಡುಗಡೆ, ಹೊಸ ಎಂಜಿನ್ (ನಕ್ಷೆ ಬಿಡಿಸುವ ಕೋಡ್), ಎಲ್ಲ ಲಿಪಿಗಳಲ್ಲೂ ಸರಿಯಾಗಿ ಕಾಣುವ ಊರ ಹೆಸರುಗಳು ಎಂದು ಬರೆದಿದ್ದೆ. ಆದದ್ದು ಮೂರು ಬಿಡುಗಡೆ. ಅವುಗಳಲ್ಲಿ ಎರಡನೆಯದು ಮೊದಲನೆಯದರ ತಪ್ಪು ತಿದ್ದಲು ಮೂರೇ ದಿನಕ್ಕೆ ಹೊರಟದ್ದು.

ಹೊಸದಾಗಿ ಓದುವವರಿಗಾಗಿ ಒಂದು ಮಾತು: ಇದು ಜನರೇ ಸೇರಿ ಕಟ್ಟುವ ಮುಕ್ತ ನಕ್ಷೆಯಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನ ದತ್ತಾಂಶವನ್ನು ಬಳಸಿ, ಇಂಟರ್‌ನೆಟ್ ಇಲ್ಲದೆಯೂ ಫೋನಿನಲ್ಲಿ ನಕ್ಷೆ ತೋರಿಸುವ, ನಡೆದ ದಾರಿಯನ್ನು ದಾಖಲಿಸಿಡುವ ಮುಕ್ತ ತಂತ್ರಾಂಶ. ಇಬ್ಬರು ನೋಡಿಕೊಳ್ಳುತ್ತಿದ್ದೆವು. ಮಾರ್ಚ್‌ನಿಂದ ನಾನೊಬ್ಬನೇ. ಜೊತೆಗಾರರು ಮುನಿಸಿಕೊಂಡು ಹೋದವರಲ್ಲ. ಅವರ ಮನೆಗೆ ಮಗು ಬಂತು, ರಾತ್ರಿಗಳೆಲ್ಲ ಅದರ ಪಾಲಾದವು. ಹೊರಡುವ ಮುನ್ನ ಪಾಸ್‌ವರ್ಡ್‌ಗಳನ್ನೆಲ್ಲ ಒಪ್ಪಿಸಿದರು. ತಲೆಯಲ್ಲಿದ್ದದ್ದನ್ನು ಒಪ್ಪಿಸುವುದು ಹೇಗೆ?

ಅದರ ಬೆಲೆ ಮೊದಲ ಬಿಡುಗಡೆಯಲ್ಲೇ ಗೊತ್ತಾಯಿತು. ದತ್ತಾಂಶ ಸಿದ್ಧಪಡಿಸುವ ಅವರ ಸ್ಕ್ರಿಪ್ಟ್ ಒಂದೇ ಕಡತವನ್ನು ಎರಡು ಸಲ ಓದುತ್ತಿತ್ತು. ದಂಡದ ಕೆಲಸವೆಂದು ಒಂದು ಓದನ್ನು ಕಿತ್ತುಹಾಕಿದೆ. ಅರ್ಧ ಸಮಯ ಉಳಿಯಿತೆಂದು ಬೀಗಿದೆ ಕೂಡ. ಆ ಕಡತದಲ್ಲಿ ಮೊದಲು ಬಿಂದುಗಳು, ಆಮೇಲೆ ಗೆರೆಗಳು, ಕೊನೆಗೆ ಅವುಗಳ ಸಂಬಂಧಗಳು ಬರುತ್ತವೆ. ಯಾವ ಗೆರೆ ಯಾವ ಆಕೃತಿಗೆ ಸೇರಬೇಕೆಂದು ತಿಳಿಯಬೇಕಾದರೆ ಕೊನೆಯವರೆಗೆ ಒಮ್ಮೆ ಓದಿ, ಮತ್ತೆ ಮೊದಲಿನಿಂದ ಬರಬೇಕು. ನನ್ನ ಜಾಣತನದಿಂದಾಗಿ ಹಲವು ಗೆರೆ ಸೇರಿ ಆಕೃತಿಯಾಗುವ, ನಡುವೆ ದ್ವೀಪಗಳಿರುವ ಸರೋವರಗಳೆಲ್ಲ ನಕ್ಷೆಯಿಂದ ಮಾಯವಾದವು. ಈಗ ಆ ಸ್ಕ್ರಿಪ್ಟ್‌ನ ನೆತ್ತಿಯ ಮೇಲೆ ನಾಲ್ಕು ಸಾಲಿನ ಟಿಪ್ಪಣಿಯಿದೆ.

ಹೊಸ ಎಂಜಿನ್ ವಿಷಯವನ್ನು ಬೇಗ ಮುಗಿಸುತ್ತೇನೆ. ರಸ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಎಲ್ಲವನ್ನೂ ಮತ್ತೆ ಬರೆಯಲು ಐದು ತಿಂಗಳು ಕಳೆದೆ. ರಸ್ತೆಗಳು ಮೂಡಿದವು, ಹೆಸರುಗಳು ಮೂಡಲಿಲ್ಲ. ಭಾಷೆಯ ತಪ್ಪೇನೂ ಇಲ್ಲ. ಹಳೆಯ ಕೋಡ್ ನೋಡಲು ಬೇಸರವಾಗಿತ್ತು, ಆ ಬೇಸರಕ್ಕೆ ತಾಂತ್ರಿಕ ಕಾರಣಗಳ ಅಂಗಿ ತೊಡಿಸಿದ್ದೆ. ಜೂನ್‌ನಲ್ಲಿ ಆ ಬ್ರಾಂಚ್ (ಕೋಡ್‌ನ ಪ್ರತ್ಯೇಕ ಕವಲು) ಮುಚ್ಚಿದೆ.

ಅದೇ ಹೊತ್ತಿಗೆ ಬಲ ಮಣಿಕಟ್ಟು ಕೈಕೊಟ್ಟಿತು. ಆರು ವಾರ ಟೈಪ್ ಮಾಡುವಂತಿರಲಿಲ್ಲ. ಮಾಡಲು ಬೇರೇನೂ ತೋಚದೆ ಹಳೆಯ ದೂರುಗಳನ್ನೂ ಹಳೆಯ ಕೋಡನ್ನೂ ಓದುತ್ತಾ ಕುಳಿತೆ. ವರ್ಷದ ನಿಜವಾದ ಕೆಲಸ ನಡೆದದ್ದು ಆಗ.

ದಾಖಲಿಸಿದ ದಾರಿಯನ್ನು ಹಿಗ್ಗಿಸಿ ನೋಡಿದರೆ ಗೆರೆ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ ಎಂದು ಮೂವರು ಬೇರೆ ಬೇರೆ ಕಾಲದಲ್ಲಿ ಬರೆದಿದ್ದರು. ಮೂವರಿಗೂ ‘ಇದು ಜಿಪಿಎಸ್‌ನ ದೋಷ’ ಎಂದು ಉತ್ತರಿಸಿ ದೂರನ್ನು ಮುಚ್ಚಿದ್ದವನು ನಾನೇ. ಬಯಲಿನಲ್ಲಿ ನಿಂತಾಗಲೂ ಫೋನಿನ ಜಿಪಿಎಸ್ ಐದು ಮೀಟರ್‌ನಷ್ಟು ಆಚೀಚೆ ತೋರಿಸುವುದು ಸಾಮಾನ್ಯ. ಹಾಗಾಗಿ ಉತ್ತರ ನಂಬುವಂತೆಯೇ ಇತ್ತು. ಸಾಲದೆಂಬಂತೆ ಗೆರೆಯನ್ನು ನಯಗೊಳಿಸುವ ಒಂದು ಫಿಲ್ಟರನ್ನೂ ಸೇರಿಸಿದ್ದೆ. ಜುಲೈನಲ್ಲಿ ನಾಲ್ಕನೆಯವರು ಒಂದು ಕಡತ ಕಳಿಸಿದರು. ಅದು ನಡೆದ ದಾರಿಯಲ್ಲ, ಭೂಮಾಪನದ ಉಪಕರಣದಿಂದ ಅಳೆದ ನೇರ ಗಡಿರೇಖೆ. ಅದೂ ಮೆಟ್ಟಿಲಾಗಿತ್ತು.

ಕಾರಣ ಲೆಕ್ಕದಲ್ಲಿತ್ತು. ಇಡೀ ಪ್ರಪಂಚದ ನಕ್ಷೆಯನ್ನು 0 ಮತ್ತು 1ರ ನಡುವೆ ಮಡಚಿಟ್ಟು, ಪ್ರತಿ ಬಿಂದುವನ್ನೂ 32 ಬಿಟ್‌ನ ದಶಮಾಂಶ ಸಂಖ್ಯೆಯಾಗಿ ಗ್ರಾಫಿಕ್ಸ್ ಚಿಪ್‌ಗೆ ಕಳಿಸುತ್ತಿದ್ದೆವು. ಅಂಥ ಸಂಖ್ಯೆಯಲ್ಲಿ ನಿಖರತೆಗೆ ಸಿಗುವುದು 24 ಬಿಟ್ ಮಾತ್ರ. ಅರ್ಧದಿಂದಾಚೆಗೆ ಪಕ್ಕಪಕ್ಕದ ಎರಡು ಸಂಖ್ಯೆಗಳ ಅಂತರ, ಭೂಮಧ್ಯರೇಖೆಯ ಮೇಲೆ ಅಳೆದರೆ, ಸುಮಾರು 2.4 ಮೀಟರ್. 256 ಪಿಕ್ಸೆಲ್ ಟೈಲ್‌ಗಳ (ನಕ್ಷೆಯ ಚೌಕ ತುಂಡುಗಳ) 19ನೇ ಜೂಮ್‌ನಲ್ಲಿ, ಅಂದರೆ ಹಿಗ್ಗಿಸುವ ಮಟ್ಟದಲ್ಲಿ, ಪ್ರಪಂಚದ ಅಗಲ 2ರ 27ನೇ ಘಾತದಷ್ಟು ಪಿಕ್ಸೆಲ್. 27ರಲ್ಲಿ 24 ಕಳೆದರೆ ಮೂರು ಬಿಟ್, ಅಂದರೆ ಎಂಟು ಪಿಕ್ಸೆಲ್. ಪರದೆಯ ಮೇಲಿನ ಮೆಟ್ಟಿಲನ್ನು ಎಣಿಸಿದೆ. ಎಂಟೇ ಇತ್ತು.

ಇನ್ನೂ ಸ್ವಾರಸ್ಯದ ಸಂಗತಿಯೆಂದರೆ, ಅರ್ಧಕ್ಕಿಂತ ಚಿಕ್ಕ ಸಂಖ್ಯೆಗಳಲ್ಲಿ ಈ ಅಂತರ ಕಿರಿದಾಗುತ್ತದೆ. ನಮ್ಮ ನಕ್ಷೆಯ ಸೊನ್ನೆ ಇರುವುದು ವಾಯವ್ಯ ಮೂಲೆಯಲ್ಲಿ. ಹೀಗಾಗಿ ಪಶ್ಚಿಮ ಗೋಳಾರ್ಧದ ಉತ್ತರ ಭಾಗದವರಿಗೆ ಮೆಟ್ಟಿಲು ಸಣ್ಣದು, ಕೆಲವರಿಗೆ ಕಾಣದಷ್ಟು. ಗ್ರೀನಿಚ್‌ನ ಪೂರ್ವಕ್ಕೂ ಭೂಮಧ್ಯರೇಖೆಯ ದಕ್ಷಿಣಕ್ಕೂ ಇರುವವರಿಗೆ ಎರಡೂ ದಿಕ್ಕಿನಲ್ಲಿ ದೊಡ್ಡದು. ‘ನನ್ನ ಫೋನಿನಲ್ಲಿ ಸರಿಯಾಗಿಯೇ ಇದೆ’ ಎಂದು ಕೆಲವರು ಪಟ್ಟುಹಿಡಿದದ್ದು ಸುಳ್ಳಾಗಿರಲಿಲ್ಲ. ಫೋನ್ ಅಲ್ಲ, ಅವರು ನಿಂತ ಜಾಗ ಬೇರೆಯಾಗಿತ್ತು.

ಪರಿಹಾರ ಹನ್ನೊಂದು ಸಾಲು. ಗೆರೆಯ ಮೊದಲ ಬಿಂದುವನ್ನು 64 ಬಿಟ್‌ನಲ್ಲೇ ಇಟ್ಟುಕೊಂಡು, ಉಳಿದ ಬಿಂದುಗಳಿಗೆ ಅದರಿಂದ ಎಷ್ಟು ದೂರ ಎಂಬುದನ್ನಷ್ಟೇ ಚಿಪ್‌ಗೆ ಕಳಿಸುವುದು. ಚಿಕ್ಕ ಸಂಖ್ಯೆಗಳಿಗೆ 24 ಬಿಟ್ ಧಾರಾಳ. ಎಡಗೈಯಲ್ಲಿ ಟೈಪ್ ಮಾಡಿ ಮೂರನೇ ಬಿಡುಗಡೆಗೆ ಸೇರಿಸಿದೆ, ನಯಗೊಳಿಸುವ ಫಿಲ್ಟರನ್ನು ಇಡಿಯಾಗಿ ಅಳಿಸಿದೆ. ಆ ಮೂರು ದೂರುಗಳನ್ನು ಮತ್ತೆ ತೆರೆದು ಕ್ಷಮೆ ಕೇಳಿದೆ. ಒಬ್ಬರು ಉತ್ತರಿಸಿದರು: ಅವರು ಈ ತಂತ್ರಾಂಶವನ್ನು ಬಿಟ್ಟು ಎರಡು ವರ್ಷವಾಗಿತ್ತಂತೆ.

ವರ್ಷದ ಇನ್ನೊಂದು ಮುಜುಗರ: ಟೈಲ್‌ಗಳನ್ನು ಉಚಿತವಾಗಿ ಕೊಡುತ್ತಿದ್ದ ಒಂದು ಸರ್ವರ್ ನಮ್ಮನ್ನು ತಡೆಯಿತು. ತಪ್ಪು ನಮ್ಮದೇ. ಬಳಕೆದಾರರು ಹಿಗ್ಗಿಸಬಹುದೆಂದು ಮುಂದಿನ ಎರಡು ಜೂಮ್ ಮಟ್ಟಗಳನ್ನು ಮುಂಚಿತವಾಗಿ ತರಿಸುತ್ತಿದ್ದೆವು. ಒಂದು ಟೈಲ್‌ಗೆ ನಾಲ್ಕು, ಆ ನಾಲ್ಕಕ್ಕೆ ಹದಿನಾರು. ನೋಡುವ ಒಂದಕ್ಕೆ ಇಪ್ಪತ್ತು ಹೆಚ್ಚುವರಿ. ನಾನು ಆ ಸರ್ವರ್ ನೋಡಿಕೊಳ್ಳುವವನಾಗಿದ್ದರೆ ಇನ್ನೂ ಮೊದಲೇ ತಡೆಯುತ್ತಿದ್ದೆ.

ಲಿಪಿಗಳ ಕೆಲಸ ಅರ್ಧಕ್ಕೆ ಬಂದಿದೆ. ನಮ್ಮ ಹಳೆಯ ಕೋಡ್ ಯೂನಿಕೋಡ್ ಸಂಕೇತಗಳನ್ನು ಒಂದರ ಪಕ್ಕ ಒಂದು ಜೋಡಿಸುತ್ತಿತ್ತು. ‘ಕ್ಷ’ ಎಂಬುದು ಅದಕ್ಕೆ ಮೂರು ಸಂಕೇತ. ಕ, ಸ್ವರವನ್ನು ತೆಗೆಯುವ ವಿರಾಮ ಚಿಹ್ನೆ (್), ಷ ಎಂದು ಸಾಲಾಗಿ ನಿಲ್ಲಿಸಿಬಿಡುತ್ತಿತ್ತು. ಒತ್ತಕ್ಷರ ಕೆಳಗಿಳಿಯಬೇಕೆಂದು ಅದಕ್ಕೇನು ಗೊತ್ತು? ಈಗ ಹಾರ್ಫ್‌ಬಝ್ ಲೈಬ್ರರಿಯಿಂದ ಅಕ್ಷರದ ಆಕೃತಿಯನ್ನು ಪಡೆದು, ಫಾಂಟ್‌ನ ಒಳಗಿನ ಆಕೃತಿ ಸಂಖ್ಯೆಯ ಮೂಲಕ ಚಿತ್ರಿಸುತ್ತಿದ್ದೇನೆ. ನೇರವಾಗಿ ಬರೆದ ಹೆಸರುಗಳು ಕಣ್ಣಿಗೆ ಹಿತವಾಗಿವೆ. ರಸ್ತೆಯ ತಿರುವಿನಲ್ಲಿ ಹೆಸರು ಬಾಗಬೇಕಾದಾಗ ಮಾತ್ರ ಮೇಲಿನ ಅಕ್ಷರ ಒಂದು ಕೋನಕ್ಕೆ, ಒತ್ತು ಇನ್ನೊಂದು ಕೋನಕ್ಕೆ ತಿರುಗಿ ದೂರವಾಗುತ್ತಿವೆ. ಅಕ್ಷರಗುಚ್ಛವನ್ನು ಒಂದೇ ಘಟಕವಾಗಿ ತಿರುಗಿಸಬೇಕು. ಮಣಿಕಟ್ಟು ಒಪ್ಪಿದರೆ ಈ ವಾರಾಂತ್ಯ ಅದಕ್ಕೆ ಕೈಹಾಕುತ್ತೇನೆ.