14 ಮಿಲಿಗ್ರಾಂ ಸ್ಕ್ಯಾಂಡಿಯಮ್

ಕ್ಯಾಪ್ಸೂಲನ್ನು ಬೆಳಕಿಗೆ ಹಿಡಿದಾಗ ಎದೆ ಧಸಕ್ಕೆಂದಿತು. ಹಿಂದಿನ ಸಂಜೆ ಕಾಂತತೆ ಅಳೆಯುವ ಸ್ಕ್ವಿಡ್ ಯಂತ್ರದೊಳಗೆ ಇಳಿಸುವಾಗ ಅದರಲ್ಲಿದ್ದದ್ದು ಜೋಳದ ಕಾಳಿನಷ್ಟು ಗಟ್ಟಿ ಲೋಹ. ರಾತ್ರಿ 5 ಕೆಲ್ವಿನ್‌ವರೆಗೆ, ಅಂದರೆ ಸುಮಾರು ಮೈನಸ್ 268 ಡಿಗ್ರಿ ಸೆಲ್ಸಿಯಸ್‌ವರೆಗೆ, ತಣಿದು ಬೆಳಿಗ್ಗೆ ಹೊರಬಂದದ್ದು ಬೂದು ಬಣ್ಣದ ಪುಡಿ.

ಆ ಕಾಳಿಗಾಗಿ ಮೂರು ವಾರ ದುಡಿದಿದ್ದೆ. ಆರ್ಗಾನ್ ತುಂಬಿದ ಆರ್ಕ್ ಕುಲುಮೆಯಲ್ಲಿ ಇಟ್ರಿಯಮ್ ಮತ್ತು ಮ್ಯಾಂಗನೀಸನ್ನು ಕರಗಿಸಿ, ಮಗುಚಿ, ಮತ್ತೆ ಕರಗಿಸಿದ್ದೆ. ಆವಿಯಾಗಿ ಹೋಗುವ ಪಾಲಿಗೆಂದು ಒಂದಿಷ್ಟು ಮ್ಯಾಂಗನೀಸ್ ಹೆಚ್ಚಿಗೆ ಹಾಕಿದ್ದೆ. ಆಮೇಲೆ ಕ್ವಾರ್ಟ್ಜ್ ಕೊಳವೆಯಲ್ಲಿ ಮುಚ್ಚಿ ಒಂದು ವಾರ ಕಾಯಿಸಿದ್ದೆ. ಎಲ್ಲೋ ಗಾಳಿ ನುಸುಳಿದೆ, ತಪ್ಪು ನನ್ನದೇ ಎಂದುಕೊಂಡು ಗೈಡ್ ಮುಂದೆ ನಿಂತೆ. ಪುಡಿ ನೋಡಿದವರೇ ಅವರ ಮುಖ ಅರಳಿತು.

"ಗ್ರಾಫ್ ತೆಗೆದು ನೋಡಿದೆಯೇನಮ್ಮ?"

ಸುಮಾರು 100 ಕೆಲ್ವಿನ್ ಬಳಿ ಕಾಂತತೆಯ ರೇಖೆ ಮೆಟ್ಟಿಲಿನಂತೆ ಮುರಿದಿತ್ತು.

ಈ ಲೋಹದಲ್ಲಿ ಮ್ಯಾಂಗನೀಸ್ ಪರಮಾಣುಗಳು ನಾಲ್ಕು ನಾಲ್ಕರ ಗುಂಪಾಗಿ, ಮೂಲೆಗೆ ಮೂಲೆ ತಾಗಿಕೊಂಡು ಕೂತಿವೆ. ಪ್ರತಿಯೊಂದೂ ಒಂದು ಪುಟ್ಟ ಕಾಂತದಂತೆ; ಅದರ ಕಾಂತಭ್ರಾಮಕಕ್ಕೆ, ಅಂದರೆ ಆ ಕಾಂತದ ಮುಖಕ್ಕೆ, ನೆರೆಯದಕ್ಕೆ ವಿರುದ್ಧ ದಿಕ್ಕೇ ಬೇಕು. ಇಬ್ಬರ ನಡುವೆ ಅದು ಸಾಧ್ಯ. ಮೂರನೆಯವರು ಸೇರಿದರೆ ಯಾರೋ ಒಬ್ಬರ ಬಯಕೆ ಈಡೇರುವುದಿಲ್ಲ. ಭೌತವಿಜ್ಞಾನಿಗಳು ಫ್ರಸ್ಟ್ರೇಷನ್ ಎನ್ನುವ ಇದನ್ನು ನಾನು ಇಕ್ಕಟ್ಟು ಎನ್ನುತ್ತೇನೆ. ಇಷ್ಟು ಇಕ್ಕಟ್ಟಿದ್ದರೂ 100 ಕೆಲ್ವಿನ್ ಸುಮಾರಿಗೆ ಭ್ರಾಮಕಗಳು ಹೇಗೋ ಸಾಲುಗೂಡುತ್ತವೆ, ಆಗ ಲೋಹದ ಗಾತ್ರ ಒಮ್ಮೆಗೇ ಶೇಕಡ 5ರಷ್ಟು ಹಿಗ್ಗುತ್ತದೆ. ನನ್ನ ಕಾಳನ್ನು ಒಡೆದದ್ದು ಕಾಂತತೆಯೇ! ಆ ಪುಡಿಯನ್ನು ಇಂದಿಗೂ ಇಟ್ಟುಕೊಂಡಿದ್ದೇನೆ.

ಮುಂದಿನ ಗಟ್ಟಿಯಲ್ಲಿ ನೂರು ಇಟ್ರಿಯಮ್ ಪರಮಾಣುಗಳಲ್ಲಿ ಮೂರರ ಜಾಗಕ್ಕೆ ಸ್ಕ್ಯಾಂಡಿಯಮ್ ಹಾಕಬೇಕಿತ್ತು. 1980ರ ದಶಕದಲ್ಲಿ ಕ್ಯೋಟೋದ ಶಿಗಾ, ವಾಡಾ, ನಕಾಮುರಾ ಅವರ ತಂಡ ನಡೆದ ದಾರಿ ಅದು. ಎರಡು ಗ್ರಾಂ ಗಟ್ಟಿಗೆ ಬೇಕಾದದ್ದು ಸುಮಾರು 14 ಮಿಲಿಗ್ರಾಂ. ತಕ್ಕಡಿಯ ಮುಂದೆ ಉಸಿರು ಬಿಗಿಹಿಡಿದು ತೂಗಿದೆ. ಹೀಗೆ ಬೇರೆ ಪರಮಾಣು ಬೆರೆಸುವ ಡೋಪಿಂಗ್ ಎಂದರೆ ಕಾಂತೀಯ ಪರಮಾಣುಗಳನ್ನು ವಿರಳಗೊಳಿಸುವುದು ಎಂದು ಅಲ್ಲಿಯವರೆಗೆ ತಿಳಿದಿದ್ದೆ. ಸ್ಕ್ಯಾಂಡಿಯಮ್ ಮ್ಯಾಂಗನೀಸಿನ ತಂಟೆಗೇ ಹೋಗುವುದಿಲ್ಲ. ಇಟ್ರಿಯಮ್‌ಗಿಂತ ಚಿಕ್ಕದಾದ್ದರಿಂದ ಪರಮಾಣುಗಳ ಇಡೀ ಹಂದರವನ್ನು ಒಳಗಿನಿಂದಲೇ ತುಸು ಬಿಗಿಯುತ್ತದೆ, ಅಷ್ಟೆ. ಆ ಬಿಗಿತದಲ್ಲಿ ಮ್ಯಾಂಗನೀಸಿನ ಎಲೆಕ್ಟ್ರಾನ್‌ಗಳು ಒಂದೆಡೆ ನೆಲೆಸುವುದಿಲ್ಲ, ಭ್ರಾಮಕಗಳು ಸಾಲುಗೂಡುವುದೂ ಇಲ್ಲ. ಮ್ಯಾಂಗನೀಸಿನ ಜಾಗಕ್ಕೇ ಅಲ್ಯೂಮಿನಿಯಮ್ ಹಾಕಿದರೆ ಕಥೆ ಬೇರೆ: ಹಂದರ ಸಡಿಲವಾಗುತ್ತದೆ, ಭ್ರಾಮಕಗಳು ಸಿಕ್ಕಸಿಕ್ಕ ದಿಕ್ಕಿಗೆ ಮುಖ ಮಾಡಿ ಹೆಪ್ಪುಗಟ್ಟುತ್ತವೆ.

ಸಾಲುಗೂಡಲಿಲ್ಲವೆಂದರೆ ಕಾಂತತೆ ಸತ್ತಿತೆಂದಲ್ಲ. ಸ್ಕ್ಯಾಂಡಿಯಮ್ ಸೇರಿದ ಈ ಲೋಹವನ್ನು ತೀರಾ ತಣಿಸಿದಾಗ ಅದರ ಎಲೆಕ್ಟ್ರಾನ್‌ಗಳ ಶಾಖಧಾರಣೆ, ಅಂದರೆ ಒಂದು ಡಿಗ್ರಿ ಬಿಸಿಯಾಗಲು ಅವು ಹೀರುವ ಶಾಖ, ತಾಮ್ರದ್ದಕ್ಕಿಂತ ಸುಮಾರು ಇನ್ನೂರು ಪಟ್ಟು ಹೆಚ್ಚು. ಭ್ರಾಮಕಗಳು ಅಷ್ಟು ತಣ್ಣಗಿನಲ್ಲೂ ತುಯ್ದಾಡುತ್ತಲೇ ಇರುವುದರ ಗುರುತು ಅದು.

ಎರಡನೆಯ ಗಟ್ಟಿಯ ತುಣುಕು 5 ಕೆಲ್ವಿನ್‌ನಿಂದ ಮರಳಿದ ಬೆಳಿಗ್ಗೆ ನಾನು ಗ್ರಾಫ್ ತೆರೆಯಲೇ ಇಲ್ಲ. ಕ್ಯಾಪ್ಸೂಲಿನ ಹತ್ತಿ ತೆಗೆದು, ಮತ್ತೆ ಮುಚ್ಚಿ, ಕಿವಿಯ ಬಳಿ ಅಲುಗಿಸಿದೆ. ಒಳಗೆ ಇಡೀ ಕಾಳು ಟಕಟಕ ಸದ್ದು ಮಾಡಿತು.