ಹಾಲು ಎಲ್ಲಿ ಹೋಯ್ತು?

ಕಾಲೇಜಿನ ಎರಡನೇ ವರ್ಷ ನಮಗೆ ಜಾರ್ಜ್ ಆರ್ವೆಲ್‌ರ ‘ಅನಿಮಲ್ ಫಾರ್ಮ್’ ಪಾಠಕ್ಕಿತ್ತು. 1945ರಲ್ಲಿ ಬಂದ ಪುಟ್ಟ ಕಾದಂಬರಿ. ಪ್ರಾಣಿಗಳೆಲ್ಲ ಸೇರಿ ಯಜಮಾನ ಜೋನ್ಸ್‌ನನ್ನು ಓಡಿಸುತ್ತವೆ. ಆಮೇಲೆ ಹಂದಿಗಳೇ ಯಜಮಾನರಾಗುತ್ತವೆ. ಅದರಲ್ಲಿ ಅಧಿಕಾರ ಹೇಗೆ ಬರುತ್ತದೆ ಎಂದು ಪ್ರಬಂಧ ಬರೆಯಬೇಕಿತ್ತು.

ನಾನು ಆರು ಪುಟ ಬರೆದೆ. ನೆಪೋಲಿಯನ್ ಎಂಬ ಹಂದಿ ಅಂದ್ರೆ ಸೋವಿಯತ್ ಸರ್ವಾಧಿಕಾರಿ ಸ್ಟಾಲಿನ್, ಸ್ನೋಬಾಲ್ ಎಂಬ ಇನ್ನೊಂದು ಹಂದಿ ಅಂದ್ರೆ ಅವನ ಎದುರಾಳಿ ಟ್ರಾಟ್‌ಸ್ಕಿ, ದಂಗೆ ಅಂದ್ರೆ 1917ರ ರಷ್ಯಾದ ಕ್ರಾಂತಿ. ಮೇಡಂ ಪೂರ್ತಿ ಓದಿದರು. “ಎಲ್ಲ ಸರಿಯಾಗೇ ಇದೆ. ಆದ್ರೆ ಯಾರು ಯಾರು ಅಂತ ಹೇಳಿ ಮುಗಿಸಿಬಿಟ್ಟಿದ್ದೀಯ. ಅಧಿಕಾರ ಅವರ ಕೈಗೆ ಹೇಗೆ ಬಂತು?” ಅಂದರು. ನನಗೆ ಉತ್ತರ ಹೊಳೆಯಲಿಲ್ಲ. “ಎರಡನೇ ಅಧ್ಯಾಯ ತೆಗಿ. ಹಾಲು ಎಲ್ಲಿ ಹೋಯ್ತು ಅಂತ ನೋಡು.”

ಸ್ಟಾಫ್ ರೂಮಿನ ಮೂಲೆಯ ಬೆಂಚಿನಲ್ಲಿ ಕೂತು ಇಬ್ಬರೂ ಆ ಪುಟ ಓದಿದೆವು. ದಂಗೆ ಗೆದ್ದ ಮಾರನೆಯ ದಿನ. ಹಸುಗಳ ಹಾಲು ಕರೆದಾಗಿದೆ, ಐದು ಬಕೆಟ್ ತುಂಬ ನೊರೆಹಾಲು. ಅದನ್ನೇನು ಮಾಡೋದು ಅಂತ ಯಾರೋ ಕೇಳುತ್ತಾರೆ. ನೆಪೋಲಿಯನ್ ಬಕೆಟ್‌ಗಳ ಮುಂದೆ ಬಂದು ನಿಲ್ಲುತ್ತಾನೆ. ಹಾಲಿನ ಚಿಂತೆ ಬಿಡಿ, ಕೊಯ್ಲು ಮುಖ್ಯ ಅನ್ನುತ್ತಾನೆ. ಎಲ್ಲರೂ ಹೊಲಕ್ಕೆ ಹೋಗುತ್ತಾರೆ. ಸಂಜೆ ಬಂದು ನೋಡಿದರೆ ಹಾಲಿಲ್ಲ.

“ಯಾರು ಕುಡಿದರು ಅಂತ ಬರೆದಿದ್ದಾರಾ?” ಮೇಡಂ ಕೇಳಿದರು. ಇಲ್ಲ. ಹಾಲು ಮಾಯವಾಗಿತ್ತು, ಅಷ್ಟೇ. ಮಾಯ ಮಾಡಿದವರ ಹೆಸರು ಆ ವಾಕ್ಯದಲ್ಲೇ ಇಲ್ಲ. ನನಗೆ ಮೈ ಜುಮ್ಮೆಂದಿತು. ಇನ್ನೂ ನಾಯಿಗಳ ಕಾವಲಿಲ್ಲ, ಯಾರನ್ನೂ ಕೊಂದಿಲ್ಲ. ಬಕೆಟ್ ಮುಂದೆ ಒಬ್ಬ ನಿಂತ, ಉಳಿದವರು ಕೇಳೋದನ್ನ ಬಿಟ್ಟರು. ಅಧಿಕಾರ ಅಲ್ಲಿಂದಲೇ ಶುರು.

ಆಮೇಲೆ ಮೇಡಂ ಏನೂ ಹೇಳಿಕೊಡಲಿಲ್ಲ, ಬರೀ ಕೇಳುತ್ತಾ ಹೋದರು. ದಂಗೆಯಾದ ಮೇಲೆ ಎಲ್ಲ ಪ್ರಾಣಿಗಳಿಗೂ ಅಂತ ಗೋಡೆಯ ಮೇಲೆ ಬರೆದಿದ್ದ ಏಳು ಕಟ್ಟಳೆಗಳು ಹೇಗೆ ಬದಲಾದವು? ನಾನು ಪುಟ ತಿರುಗಿಸಿ ಹುಡುಕಿದೆ. ಯಾವ ಪ್ರಾಣಿಯೂ ಇನ್ನೊಂದು ಪ್ರಾಣಿಯನ್ನು ಕೊಲ್ಲಬಾರದು ಎಂಬ ಕಟ್ಟಳೆಗೆ ‘ಕಾರಣವಿಲ್ಲದೆ’ ಅಂತ ಸೇರಿತ್ತು. ಹಳೆಯದನ್ನು ಅಳಿಸಬೇಕಾಗಿಯೂ ಇಲ್ಲ, ಒಂದು ಮಾತು ಜಾಸ್ತಿ ಮಾಡಿದರೆ ಸಾಕು. ಓದಲು ಬಾರದವರಿಗೆ ಅದು ಗೊತ್ತಾಗುವುದೂ ಇಲ್ಲ.

ಎರಡನೇ ಸಲ ಬರೆದಾಗ ಸ್ಟಾಲಿನ್ ಒಂದೇ ಪ್ಯಾರಾಕ್ಕೆ ಇಳಿದಿದ್ದ. ಇತಿಹಾಸ ಬೇಡ ಅಂತಲ್ಲ. ಅದು ಗೊತ್ತಿದ್ದರೆ ಕತೆಯ ಪೆಟ್ಟು ಇನ್ನೂ ಜೋರಾಗಿ ತಾಗುತ್ತದೆ. ಆದರೆ ಹೆಸರು ಹೊಂದಿಸಿದ ಮೇಲೂ ಹಾಲಿನ ಪ್ರಶ್ನೆ ಉಳಿದೇ ಇರುತ್ತದಲ್ವಾ?

ಆ ಪ್ರತಿ ವಾಪಸ್ ಬಂದಾಗ ಕೊನೆಯ ಪುಟದ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಒಂದು ಸಾಲಿತ್ತು: “ಕ್ಲೋವರ್‌ಗೆ ಅನುಮಾನ ಬಂದಿತ್ತಲ್ಲ, ಅವಳನ್ನು ಯಾಕೆ ಬಿಟ್ಟೆ?” ಕ್ಲೋವರ್ ಕತೆಯಲ್ಲಿ ಬರುವ ಹೆಣ್ಣು ಕುದುರೆ. ಕಟ್ಟಳೆ ಮೊದಲು ಹೀಗಿರಲಿಲ್ಲ ಅಂತ ಅವಳಿಗೆ ಮಸುಕಾಗಿ ನೆನಪು. ಆದರೆ ಓದಲು ಬಾರದು.

ಮೂರನೇ ಸಲ ಬರೆದೆ. ಕೊನೆಯ ಪ್ಯಾರಾದಲ್ಲಿ ಮುದಿ ಕ್ಲೋವರ್ ಕಣ್ಣು ಮಂಜಾಗಿ ಕೊಟ್ಟಿಗೆಯ ಗೋಡೆ ಮುಂದೆ ನಿಂತಿದ್ದಾಳೆ. ಕಟ್ಟಳೆಗಳು ಮೊದಲಿನ ಹಾಗೇ ಇವೆಯಾ ಅಂತ ಬೆಂಜಮಿನ್ ಕತ್ತೆಯನ್ನು ಕೇಳುತ್ತಿದ್ದಾಳೆ. ಆ ಪ್ಯಾರಾಕ್ಕೆ ಮೇಡಂ ಪೆನ್ಸಿಲ್ ತಾಗಿಸಲಿಲ್ಲ.